ಶಿವಕಾಂತಮ್ಮ ರೊಟ್ಟಿ ಕೇಂದ್ರ

ಜೂನ್ 10, ಸೋಮವಾರ

ಇವತ್ತು ಅಂಗಡಿ ತೆರೆದೆವು. ವಾಡಿಯ ಸ್ಟೇಷನ್ ರಸ್ತೆ, ಎರಡು ಖೋಲಿ. ಮುಂದಿನದರಲ್ಲಿ ಕೌಂಟರು, ಹಿಂದಿನದರಲ್ಲಿ ಒಲೆ, ನಡುವೆ ಒಂದು ಪರದೆ. ಹೊಸದಾಗಿ ಧಂದೆ ಶುರು ಮಾಡುವವರು ದಿನದ ದಿನ ಕಲಿತದ್ದನ್ನು ಬರೆದಿಡಬೇಕು ಎಂದು ಕಲಬುರಗಿಯ ತರಬೇತಿಯಲ್ಲಿ ಕಾಶೀನಾಥ ಸರ್ ಹೇಳಿದ್ದರು. ಅದಕ್ಕೇ ಈ ನೋಟುಬುಕ್ಕು. ಯಾರೂ ಓದುವುದಿಲ್ಲ, ಹಾಗಾಗಿ ಅಕ್ಷರ ದುಂಡಗಿರಬೇಕಿಲ್ಲ.

ಸರ್ ಹೇಳಿದ ಮೊದಲ ಮಾತು: ನಿಮ್ಮ ಮನೆಯಲ್ಲಿ ಯಾವ ಕೆಲಸ ಊರಿಗಿಂತ ಚೆನ್ನಾಗಿ ಆಗುತ್ತದೋ ಅದನ್ನೇ ಮಾರಿ. ನಮ್ಮ ಮನೆಯಲ್ಲಿ ಅದು ಅತ್ತೆಯ ಜೋಳದ ರೊಟ್ಟಿ. ಅತ್ತೆ ಬಡಿದ ಕಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಗಿನ ಕೈ ಕಾಣುತ್ತದೆ. ಹದಿನೈದು ದಿನ ಇಟ್ಟರೂ ಮೆತ್ತಗಾಗುವುದಿಲ್ಲ. ನಾನು ಬಿ.ಎ. ಪಾಸು, ಆದರೆ ನನ್ನ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಅಂಚಿನಲ್ಲಿ ಸೀಳುತ್ತದೆ. ಹೀಗಾಗಿ ಅತ್ತೆ ಬಡಿಯುವುದು, ನಾನು ಮಾರುವುದು ಎಂದು ಮಾತಾಗಿದೆ.

ಬೋರ್ಡಿನ ಮೇಲೆ ‘ಪೀರಮ್ಮ ರೊಟ್ಟಿ ಕೇಂದ್ರ’ ಎಂದು ಬರೆಸಿದೆ. ಅತ್ತೆಗೆ ಓದಲು ಬರುವುದಿಲ್ಲ. ನಾಲ್ಕು ಸಲ ನನ್ನಿಂದ ಓದಿಸಿಕೊಂಡಳು. ಆಮೇಲೆ ನನ್ನ ಮಗಳು ಭಾಗ್ಯಳನ್ನು ಕರೆದು ಇನ್ನೊಂದು ಸಲ ಓದಿಸಿದಳು, ನಾನು ಸುಳ್ಳು ಹೇಳಿದ್ದೇನೋ ಎಂಬ ಹಾಗೆ. ನಮ್ಮ ಮನೆಯವರು, ಸಂಘಪಾಲ, ನಮ್ಮೂರು ದಂಡೋತಿಯಿಂದ ಬೆಳಿಗ್ಗೆಯೇ ಬಂದು ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಎರಡನ್ನೂ ಕೌಂಟರಿನ ಹಿಂದೆ ಮೊಳೆ ಹೊಡೆದು ಹಾಕಿದರು. ಅವರಿಗೆ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ, ಊರು ಬಿಡಲಾಗುವುದಿಲ್ಲ. ನಾನು, ಅತ್ತೆ, ಭಾಗ್ಯ ಇಲ್ಲೇ ಇರುವುದು. ಭಾಗ್ಯಳನ್ನು ಇಲ್ಲಿಯ ಇಂಗ್ಲಿಷ್ ಶಾಲೆಗೆ ನಾಲ್ಕನೇ ಕ್ಲಾಸಿಗೆ ಹಾಕಿದ್ದೇನೆ. ಈ ಅಂಗಡಿ ನೆಲೆ ನಿಂತರೆ ಅವಳ ಓದು ಮುಂದುವರಿಯುತ್ತದೆ, ಅಂಗಡಿ ಬಿದ್ದರೆ ಮತ್ತೆ ದಂಡೋತಿಯ ಕೇರಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡುತ್ತೇನೆ. ಬೀಳಬಾರದು.

ಜೂನ್ 27, ಗುರುವಾರ

ಬರುತ್ತಾರೆ, ರೊಟ್ಟಿ ಎತ್ತಿ ನೋಡುತ್ತಾರೆ, ಭಾಳ ಛಲೋ ಅದ ಎನ್ನುತ್ತಾರೆ. ಆಮೇಲೆ ಕಣ್ಣು ಗೋಡೆಯ ಮೇಲೆ ಹೋಗುತ್ತದೆ. ಆಮೇಲೆ ನಾಳೆ ಬರುತ್ತೇವೆ ಎನ್ನುತ್ತಾರೆ. ಹದಿನೇಳು ದಿನದಿಂದ ವಾಡಿಗೆ ಆ ನಾಳೆ ಬಂದಿಲ್ಲ.

ನಾವು ಬೌದ್ಧರು ಎನ್ನುತ್ತೇವೆ. ಊರ ಮಂದಿ ಬಾಯಲ್ಲಿ ಇನ್ನೂ ನಮ್ಮ ಹಳೆಯ ಹೆಸರೇ ಇದೆ. ಜಂಕ್ಷನ್ ಊರು, ನಾಲ್ಕು ದಿಕ್ಕಿನ ಜನ ಬಂದು ಹೋಗುವ ಜಾಗ, ಇಲ್ಲಿ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಮೊನ್ನೆ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಹೆಂಗಸು ಇಪ್ಪತ್ತು ರೊಟ್ಟಿ ಒಯ್ದಳು. ನಿನ್ನೆ ಇಪ್ಪತ್ತನ್ನೂ ಹಾಗೇ ತಂದು ಮೆಟ್ಟಿಲ ಮೇಲಿಟ್ಟಳು. ಮನೆಯಲ್ಲಿ ಹಿರಿಯರು ಒಲ್ಲೆ ಎಂದರಂತೆ. ದುಡ್ಡು ವಾಪಸ್ ಬೇಡ ಎಂದಳು, ದೊಡ್ಡ ಉಪಕಾರ ಮಾಡಿದ ಹಾಗೆ. ಮೆಟ್ಟಿಲ ಮೇಲಿನ ಆ ಪೊಟ್ಟಣ ನೋಡಿ ನನಗೆ ಮೈಯೆಲ್ಲ ಉರಿಯಿತು. ಒದೆಯಬೇಕು ಅನ್ನಿಸಿತು, ಆಕೆಯನ್ನೋ ಪೊಟ್ಟಣವನ್ನೋ ತಿಳಿಯಲಿಲ್ಲ.

ಕಾಶೀನಾಥ ಸರ್‌ಗೆ ಫೋನ್ ಮಾಡಿದೆ. ಗಿರಾಕಿಯ ಜೊತೆ ವಾದ ಮಾಡಿ ಗೆದ್ದವರು ಯಾರೂ ಅಂಗಡಿ ಉಳಿಸಿಕೊಂಡಿಲ್ಲಮ್ಮ, ಅವರಿಗೆ ಎಲ್ಲಿ ಅಳುಕು ಇದೆಯೋ ಅದನ್ನು ಕಣ್ಣ ಮುಂದಿನಿಂದ ತೆಗೆದುಬಿಡಿ ಎಂದರು. ತೆಗೆದೆ. ಎರಡೂ ಫೋಟೋಗಳನ್ನು ಒಳಗೆ ಒಲೆಯ ಗೋಡೆಗೆ ಹಾಕಿದೆ. ಬಂದವರಿಗೆ ಹೆಸರು ರಮಾಬಾಯಿ ಎನ್ನುವ ಬದಲು ರಮಾ ಎನ್ನುತ್ತೇನೆ. ಬಾಬಾಸಾಹೇಬರ ಹೆಂಡತಿಯ ಹೆಸರು ಎಂದು ನಮ್ಮಪ್ಪ ಹೆಮ್ಮೆಯಿಂದ ಇಟ್ಟಿದ್ದು. ಎರಡಕ್ಷರ ಉಳಿದರೂ ಹೆಸರು ಹೆಸರೇ.

ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. “ಬಾಬಾಸಾಹೇಬರೂ ನನ್ನ ಜೋಡಿ ಒಳಗ ಕುಂದ್ರಲಿ ಬಿಡು, ನನಗೂ ಮಾತಾಡ್ಲಿಕ್ಕ ಯಾರರೆ ಬೇಕು,” ಎಂದು ನಕ್ಕಳು. ಅತ್ತೆಯ ಈ ಸ್ವಭಾವ ನನಗೆ ಇಷ್ಟ.

ಜುಲೈ 18, ಗುರುವಾರ

ಶಿವಕಾಂತಮ್ಮ ಇವತ್ತಿನಿಂದ ಕೌಂಟರಿಗೆ ಬಂದಳು. ಶಹಾಬಾದಿನವಳು, ಗಂಡ ಇಲ್ಲ, ಇಲ್ಲಿ ತಮ್ಮನ ಮನೆಯ ಮೂಲೆಯಲ್ಲಿದ್ದಾಳೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಮೃದು. ನಾವು ಯಾರೆಂದು ಆಕೆಗೆ ಗೊತ್ತು. ಕುಂತ ತಕ್ಷಣ ತನ್ನ ಕರಾರು ಹೇಳಿದಳು. ನೀರು ಮನೆಯಿಂದ ತರುತ್ತಾಳೆ, ಚಹಾದ ಲೋಟ ತನ್ನದೇ, ಪರದೆಯ ಒಳಗೆ ಕಾಲಿಡುವುದಿಲ್ಲ, ಇಲ್ಲಿಯ ರೊಟ್ಟಿ ತಿನ್ನುವುದಿಲ್ಲ. ತಾನು ತಿನ್ನದ ರೊಟ್ಟಿಯನ್ನು ಬೇರೆಯವರಿಗೆ ಮಾರುವುದಕ್ಕೆ ಮಾತ್ರ ಆಕೆಗೆ ಅಡ್ಡಿ ಇಲ್ಲ.

 ಅಂಗಡಿಗೆ ಬೇಕಾದದ್ದು ಆಕೆಯ ಹೊಟ್ಟೆಯಲ್ಲ, ಆಕೆಯ ಹಣೆ. ಒಪ್ಪಿದೆ. ಸಂಜೆಯೊಳಗೆ ಅರವತ್ತು ರೊಟ್ಟಿ ಹೋದವು. ಅದೇ ಅತ್ತೆ, ಅದೇ ಹಿಟ್ಟು, ಅದೇ ಹಂಚು. ಬದಲಾಗಿದ್ದು ಕುರ್ಚಿಯ ಮೇಲಿನ ಮುಖ ಒಂದೇ. ರೊಟ್ಟಿ ವಾಪಸ್ ತಂದಿಟ್ಟಿದ್ದ ಕ್ವಾರ್ಟರ್ಸಿನ ಹೆಂಗಸೂ ಬಂದು ಮೂವತ್ತು ಒಯ್ದಳು. ಇನ್ನೇನು ಬೇಕು ನನಗೆ? ಬೆಳಿಗ್ಗೆಯಿಂದ ನಗುತ್ತಲೇ ಇದ್ದೇನೆ.

ಕಲಿತದ್ದು: ಮಾಲು ಹಿಂದೆ, ಮುಖ ಮುಂದೆ.

ಸೆಪ್ಟೆಂಬರ್ 4, ಬುಧವಾರ

ಮೂರು ದಿನ ಹಾಳು. ಅತ್ತೆ ಶನಿವಾರ ಸಂಜೆ ಮಗನನ್ನು ನೋಡಿ ಬರುತ್ತೇನೆಂದು ದಂಡೋತಿಗೆ ಹೋದಳು. ಮಳೆ ಹಿಡಿಯಿತು, ಕಾಗಿಣಾ ಸೇತುವೆಯ ಮೇಲೆ ಹರಿಯಿತು, ಬಸ್ಸು ಬಂದ್. ಇಲ್ಲಿ ನಾನು ಬಡಿದೆ. ಹತ್ತಕ್ಕೆ ಆರು ಸೀಳಿದವು, ಉಳಿದ ನಾಲ್ಕು ದಪ್ಪ. ಕೈ ಬದಲಾಗಿದೆಯಲ್ಲ ಎಂದು ಗಿರಾಕಿಗಳೇ ಕೇಳಿದರು. ಶಿವಕಾಂತಮ್ಮ ತನಗೆ ಜ್ವರ ಎಂದು ಹೇಳಿ ನಿಭಾಯಿಸಿದಳು. ರೊಟ್ಟಿ ಬಡಿಯುವವಳು ಆಕೆಯೇ ಎಂದು ಜನ ಯಾವಾಗಲೋ ನಂಬಿಬಿಟ್ಟಿದ್ದಾರೆ. ನಾನೂ ಇಲ್ಲ ಅಂದಿಲ್ಲ.

ಅತ್ತೆ ಇವತ್ತು ಮಧ್ಯಾಹ್ನ ಬಂದಳು, ಮೊಣಕಾಲಿನ ತನಕ ಕೆಸರು, ಸೆರಗಿನಲ್ಲಿ ಭಾಗ್ಯಳಿಗೆ ಎರಡು ಸೀತಾಫಲ. ಹೊಳೆ ನನ್ನ ಕೇಳಿ ಬರುತ್ತದೇನು ಎಂದಳು. ಇನ್ನು ಮುಂದೆ ಮಳೆ ಮುಗಿಯುವ ತನಕ ಊರಿಗೆ ಹೋಗುವುದು ಬೇಡ ಎಂದೆ. ಕೆಲಸದವರಿಗೆ ಮೊದಲೇ ನಿಯಮ ಹೇಳಿಬಿಡಬೇಕು, ಮನೆಯವರಾದರೆ ಇನ್ನೂ ಮೊದಲು ಹೇಳಬೇಕು ಎಂದು ಸರ್ ಹೇಳಿದ್ದು ನಿಜ.

ಇನ್ನೊಂದು. ಗಿರಾಕಿಗಳ ಮುಂದೆ ‘ಅತ್ತಿ’ ಎಂದು ಕೂಗಬೇಡ, ಯಾರು ಯಾರೆಂದು ಲೆಕ್ಕ ಹಾಕುತ್ತಾರೆ ಎಂದು ಶಿವಕಾಂತಮ್ಮ ಎಚ್ಚರಿಸಿದಳು. ಹೆಸರು ಹಿಡಿದು ಕರೆಯುವುದೇ ಸರಿ. ಬಾಯಿಗೆ ರೂಢಿಯಾಗಲಿ ಎಂದು ಇಲ್ಲೂ ಹಾಗೇ ಬರೆಯುತ್ತೇನೆ.

ಸೆಪ್ಟೆಂಬರ್ 29, ಭಾನುವಾರ

ಮದುವೆ ಅಡುಗೆ ಹಿಡಿಯುವ ಭಾಗಣ್ಣ ಸಾಹುಕಾರರು ಚಿತ್ತಾಪುರದಿಂದ ಬಂದಿದ್ದರು. ಶಿವಕಾಂತಮ್ಮನವರ ರೊಟ್ಟಿ ಅಂಗಡಿ ಇದೇ ಏನು ಎಂದು ಕೇಳುತ್ತಲೇ ಮೆಟ್ಟಿಲು ಹತ್ತಿದರು. ಬೋರ್ಡು ನೋಡಿ, ಪೀರಮ್ಮ ಯಾರು ಎಂದರು. ನಾನು ಬಾಯಿ ತೆರೆಯುವ ಮೊದಲೇ ಶಿವಕಾಂತಮ್ಮ, ಹಳೆಯ ಅಂಗಡಿಯವರದು, ಬದಲಾಯಿಸಬೇಕು ಎಂದಳು. ಸಾಹುಕಾರರು ಕಾರ್ತಿಕದ ಮದುವೆಗಳ ರೊಟ್ಟಿ ಪೂರ್ತಿ ನಮಗೇ ಎಂದು ಹೇಳಿ ಹೋದರು. ನನ್ನನ್ನು ಅಂಗಡಿಯಲ್ಲಿ ಲೆಕ್ಕ ಬರೆಯುವವಳು ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಮಾಲೀಕರು ಯಾರೆಂದು ನನಗೆ ಗೊತ್ತಿದ್ದರೆ ಸಾಕು.

ಪೇಂಟರನ್ನು ಕರೆಸಿ ಸಂಜೆಯೇ ಬೋರ್ಡು ಬದಲಾಯಿಸಿದೆ. ಪೀರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು. “ಬಣ್ಣ ಹೊಸಾದು ಹಾಕ್ಸಿದಿ? ನನ್ನ ಹೆಸರು ಎಲ್ಲಿ ಅದ, ತೋರ್ಸು,” ಎಂದಳು. ನಾನು ‘ಶಿವಕಾಂತಮ್ಮ’ ಎಂದಿದ್ದ ಕಡೆ ಬೆರಳು ಮಾಡಿದೆ. ಆಕೆ ಅದನ್ನೇ ನೋಡುತ್ತಾ ನಿಂತಳು, ಮೊದಲಿಗಿಂತ ಉದ್ದ ಆಗ್ಯದ ಎಂದು ಖುಷಿಪಟ್ಟಳು. ಭಾಗ್ಯ ಪಕ್ಕದಲ್ಲೇ ಇದ್ದಳು. ಓದಿದಳು, ನನ್ನ ಮುಖ ನೋಡಿದಳು, ತುಟಿ ಬಿಚ್ಚಲಿಲ್ಲ. ಶಾಣೇ ಹುಡುಗಿ, ಹೇಳಿಕೊಡಬೇಕಾಗಲಿಲ್ಲ.

ಡಿಸೆಂಬರ್ 29, ಭಾನುವಾರ

ನಾಳೆ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಬುತ್ತಿ ಒಯ್ಯುವ ಮಂದಿಗೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು, ಬಡಿಯಲು ಯಾರಿಗೂ ಬೇಡ. ಮೂರು ದಿನದಿಂದ ಒಲೆ ಆರಿಲ್ಲ. ಪೀರಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದೆ. ಬಟ್ಟೆ ಸುತ್ತಿಕೊಂಡು ಬಡಿಯುತ್ತಿದ್ದಳು. ಬಟ್ಟೆಯ ಗೆರೆ ರೊಟ್ಟಿಯ ಮೇಲೆ ಬೀಳುತ್ತದೆ, ಬಿಚ್ಚು ಎಂದೆ. ಬಿಚ್ಚಿದಳು. ಒಂದು ರೊಟ್ಟಿಗೂ ಗೆರೆ ಬರಲಿಲ್ಲ.

ಬೇರೆ ಬರೆಯಲು ಪುರುಸೊತ್ತಿಲ್ಲ.

ಫೆಬ್ರವರಿ 17, ಸೋಮವಾರ

ಭಾಗಣ್ಣ ಸಾಹುಕಾರರು ಯಾರೋ ಬೀಗರನ್ನು ಕರೆದುಕೊಂಡು ಹೇಳದೆ ಕೇಳದೆ ಬಂದರು. ಸೇಡಂ ಕಡೆಯ ದೊಡ್ಡ ಮನೆಯವರು. ಊಟಕ್ಕೆ ಬರುವ ರೊಟ್ಟಿ ಎಲ್ಲಿ ಆಗುತ್ತದೆ ನೋಡಬೇಕು ಎಂದು ಪಟ್ಟು ಹಿಡಿದರು. ಶಿವಕಾಂತಮ್ಮ ಅವರನ್ನು ಮಾತಲ್ಲಿ ಹಿಡಿದು ಕೂಡಿಸಿದಳು. ನಾನು ಒಳಗೆ ಓಡಿ ಮುದುಕಿಯನ್ನು ಹಿತ್ತಲಿಗೆ ಕಳಿಸಿ, ಪಾತ್ರೆ ಮುಂದಿಟ್ಟು ತಿಕ್ಕುತ್ತಾ ಕೂರು ಎಂದೆ. ಫೋಟೋಗಳ ಮೇಲೆ ಟವೆಲ್ ಹಾಕಿ ಅವರನ್ನು ಒಳಗೆ ಕರೆದೆ. ಎಲ್ಲ ಸುಸೂತ್ರ ಆಗುತ್ತಿತ್ತು.

ಬಿಸಿಲಲ್ಲಿ ಬಂದವರು ಎಂದು ಮುದುಕಿಗೆ ಏನನ್ನಿಸಿತೋ, ತಂಬಿಗೆಯಲ್ಲಿ ನೀರು ತುಂಬಿಕೊಂಡು ಒಳಗೆ ಬಂದು ಬೀಗರ ಮುಂದೆ ಹಿಡಿದಳು. ಯಾರು ಈ ಮುದುಕಿ ಎಂದು ಅವರು ಕೈ ಹಿಂದೆ ತೆಗೆದುಕೊಂಡರು.

“ಮುಸುರಿ ತಿಕ್ಕಾಕಿರಿ. ಒಲಿ ಕಡಿ ಬರಂಗಿಲ್ಲ,” ಎಂದೆ. ಅಷ್ಟಕ್ಕೇ ಬಿಟ್ಟರೆ ಸಾಲದು ಅನ್ನಿಸಿತು. ತಂಬಿಗೆ ಅಲ್ಲೇ ಇಟ್ಟು ಹೊರಗೆ ಹೋಗು, ಎಷ್ಟು ಸಲ ಹೇಳಬೇಕು ನಿನಗೆ ಎಂದು ಗದರಿದೆ. ಆ ನೀರನ್ನು ಅವರ ಎದುರಿಗೇ ಮೋರಿಗೆ ಚೆಲ್ಲಿದೆ. ಶಿವಕಾಂತಮ್ಮನ ಬಾಟಲಿ ನೀರು ಕುಡಿದರು, ಆರ್ಡರ್ ಹೇಳಿದರು, ಹೋದರು.

ಸಂಜೆ ಮುದುಕಿ ಹಿಟ್ಟು ನಾದುತ್ತಾ ಕೇಳಿದಳು. “ರಮಾ, ನಾ ಯಾರು ಅಂತ ಹೇಳಿದಿ ಅವರಿಗಿ?”

ಕೇಳಿಸಿಕೊಂಡೇ ಇದ್ದಳು, ಆದರೂ ನನ್ನ ಬಾಯಿಂದ ಬರಲಿ ಎಂದು ಕೇಳಿದಳು. ಅದು ಧಂದೆಯ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ತಿಳಿಸಿ ಹೇಳಿದೆ. ಹ್ಞೂಂ ಎಂದಳು. ತಿಕ್ಕುವುದೂ ತಾನೇ ಆದ್ದರಿಂದ ಸುಳ್ಳೇನಲ್ಲ ಎಂದಳು. ಅದು ಸಿಟ್ಟೋ ಚೇಷ್ಟೆಯೋ ತಿಳಿಯಲಿಲ್ಲ. ರಾತ್ರಿ ನನ್ನ ಪಾಲಿನ ರೊಟ್ಟಿಯನ್ನು ಹಾಗೇ ಮುಚ್ಚಿಟ್ಟೆ. ಬಿಸಿಲಿನ ತಾಪ ಇರಬೇಕು.

ಏಪ್ರಿಲ್ 14, ಸೋಮವಾರ

ಒಂದು ವಾರದಿಂದ ಮುದುಕಿ ಜಯಂತಿ ಜಯಂತಿ ಎಂದು ಜಪ ಮಾಡುತ್ತಿದ್ದಳು. ಬಿಳಿ ಸೀರೆ ಒಗೆದು, ಗಂಜಿ ಹಾಕಿ, ಮಡಿಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲವಂತೆ. ಆದರೆ ನಾಳೆಗೆ ಸಾವಿರದ ಐನೂರು ರೊಟ್ಟಿ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ಇವತ್ತೇ ಅಂಗಡಿ ಮುಚ್ಚಿದರೆ ಯಾಕೆ ಮುಚ್ಚಿದ್ದು ಎಂದು ಇಡೀ ರಸ್ತೆಗೆ ತಿಳಿಯುತ್ತದೆ. ಬೇಡ ಎಂದೆ. ಮುಂದಿನ ವರ್ಷ ಕಾರು ಮಾಡಿ ಕಲಬುರಗಿಗೇ ಕಳಿಸುತ್ತೇನೆ ಎಂದೆ. ಒಪ್ಪಿದಳು ಅಂದುಕೊಂಡೆ.

ಮಧ್ಯಾಹ್ನ ಮೆರವಣಿಗೆ ನಮ್ಮ ರಸ್ತೆಗೇ ಬಂತು. ನೀಲಿ ಬಾವುಟ, ಹಲಗೆ, ಲೇಜಿಮು. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಗುಂಪಿನಿಂದ ಸಂಘಪಾಲ ಹೊರಬಂದು ನೇರ ಮೆಟ್ಟಿಲು ಹತ್ತಿದರು, ಹಣೆಗೆ ನೀಲಿ ಗುಲಾಲು. ನನ್ನ ಕಡೆ ನೋಡದೆ ಶಿವಕಾಂತಮ್ಮನಿಗೆ, “ಒಳಗ ನಮ್ಮವ್ವ ಅದಾಳ, ಕರೀರಿ,” ಎಂದರು.

ಗಿರಾಕಿಗಳೆಲ್ಲ ತಿರುಗಿದರು. ಶಿವಕಾಂತಮ್ಮ ನನ್ನನ್ನು ನೋಡಿದಳು. ಹತ್ತು ತಿಂಗಳ ದುಡಿಮೆ ಆ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಎದ್ದು ನಿಂತೆ.

“ಇಲ್ಲಿ ನಿಮ್ಮವರು ಯಾರೂ ಇಲ್ಲರಿ ಅಣ್ಣಾರ. ಮುಂದಿನ ಅಂಗಡಿಗಿ ಕೇಳ್ರಿ.”

ಹನ್ನೆರಡು ವರ್ಷ ಬಾಳಿದ ಗಂಡನಿಗೆ ಅಣ್ಣ ಎಂದೆ. ಅವರ ಮುಖ ನೋಡಲಿಲ್ಲ, ಅವರ ಚಪ್ಪಲಿ ನೋಡಿದೆ. ಚಪ್ಪಲಿ ತಿರುಗಿತು, ಇಳಿಯಿತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಮುದುಕಿ ಬಿಳಿ ಸೀರೆ ಉಟ್ಟಿದ್ದಳು, ಎರಡು ಫೋಟೋಗಳನ್ನು ಎದೆಗೆ ಒತ್ತಿಕೊಂಡಿದ್ದಳು. ಗಿರಾಕಿಗಳ ನಡುವೆಯೇ ಹಾದು ಬಂದಳು. ಅವರು ತಾವಾಗಿ ಸರಿದು ದಾರಿ ಬಿಟ್ಟರು, ಗೌರವಕ್ಕಲ್ಲ, ಸೆರಗು ತಾಗಬಾರದೆಂದು. ಭಾಗ್ಯ ಕೌಂಟರಿನ ಪಕ್ಕ ನಿಂತಿದ್ದಳು. ಮುದುಕಿ ಅವಳ ಕೈ ಹಿಡಿಯಲು ಹೋದಳು. ಭಾಗ್ಯ ಕೈ ಬೆನ್ನ ಹಿಂದೆ ತೆಗೆದುಕೊಂಡಳು. ಜನ ನೋಡುತ್ತಿದ್ದರಲ್ಲ, ಅವಳದೇನು ತಪ್ಪು.

ನನ್ನ ಮುಂದೆ ಬಂದಾಗ ಎಲ್ಲರ ಎದುರು ಏನಾದರೂ ಬೈಯುತ್ತಾಳೆಂದು ಕಾಯ್ದೆ. ಬೈಯಲಿಲ್ಲ.

“ಹಿಟ್ಟು ನಾದಿ ಇಟ್ಟೀನಿ. ಆರೋದ್ರೊಳಗ ಬಡಿ, ಇಲ್ಲಂದ್ರ ಸೀಳ್ತದ,” ಎಂದಳು.

ಮೆಟ್ಟಿಲಿಳಿದು ಗುಂಪಿನಲ್ಲಿ ಸೇರಿಕೊಂಡಳು. ಬಿಳಿ ಸೀರೆಗಳು ನೂರಾರು ಇದ್ದವು, ಯಾವುದು ಆಕೆಯದು ಎಂದು ಆಮೇಲೆ ಗೊತ್ತಾಗಲಿಲ್ಲ. ಯಾರೀಕೆ ಎಂದು ಗಿರಾಕಿಯೊಬ್ಬಳು ಕೇಳಿದಳು. ಮುಸುರೆಯವಳು, ಇವತ್ತು ಅವರ ಹಬ್ಬ ಎಂದು ಶಿವಕಾಂತಮ್ಮ ಹೇಳಿದಳು. ಅಂಗಡಿ ಉಳಿಯಿತು.

ಏಪ್ರಿಲ್ 15, ಮಂಗಳವಾರ

ಒಂಬೈನೂರು ಕೊಟ್ಟೆ. ಉಳಿದವನ್ನು ಹಸೀನಾಬೇಗಂ ಎಂಬಾಕೆಯಿಂದ ಕೊಂಡು ಕೊಟ್ಟೆ. ಕೈ ಎತ್ತಲಾಗುತ್ತಿಲ್ಲ.

ಏಪ್ರಿಲ್ 23, ಬುಧವಾರ

ದಂಡೋತಿಗೆ ಫೋನ್ ಮಾಡಿದೆ. ಮುದುಕಿಗೆ ಬುದ್ಧಿ ಹೇಳಿ ಕಳಿಸಿ, ಲಗ್ನಗಳ ಸೀಸನ್ನು ಎಂದೆ.  ಸಂಘಪಾಲ, “ಅವ್ವ ಈಗ ಅಂಗೈ ಮುಚ್ಚಿ ತೆರೀಲಿಕತ್ತಾಳ, ಗಾಯ ಅಷ್ಟರೆ ವಾಸಿ ಆಗ್ಯದ. ನೀವು ಯಾರು ಮಾತಾಡೋದು?” ಎಂದರು.

ನನ್ನ ದನಿ ಗೊತ್ತಾಗಲಿಲ್ಲ ಎಂದು ಮೊದಲು ತಿಳಿದೆ. ರಮಾಬಾಯಿ ಎಂದೆ. ಅಂಥವರು ನಮ್ಮ ಪೈಕಿ ಯಾರೂ ಇಲ್ಲ ಎಂದು ಫೋನ್ ಇಟ್ಟುಬಿಟ್ಟರು. ಗಂಡಸರಿಗೆ ಧಂದೆ ಎಂದರೇನು ಎಂದು ತಿಳಿಯುವುದಿಲ್ಲ. ಅತ್ತೆ ಅಲ್ಲಿ ಹತ್ತಿರ ಇದ್ದಿದ್ದರೆ ಈ ಮಾತಿಗೆ ಅವರನ್ನು ಬೈಯುತ್ತಿದ್ದಳು.

ಮೇ 4, ಭಾನುವಾರ

ಈಗ ಕೈ ಪಳಗಿದೆ. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ಸಂಜೆಯ ತನಕ ಪರದೆಯ ಹಿಂದೆಯೇ ಇರುತ್ತೇನೆ. ಮುಂದಿನದೆಲ್ಲ ಶಿವಕಾಂತಮ್ಮ ನೋಡಿಕೊಳ್ಳುತ್ತಾಳೆ. ಚಹಾ ಬಂದರೆ ಪರದೆಯ ಬಳಿ ನಿಂತು ನನ್ನ ಲೋಟಕ್ಕೆ ಮೇಲಿನಿಂದ ಸುರಿಯುತ್ತಾಳೆ. ಶಾಲೆಗೆ ರಜೆ, ಭಾಗ್ಯ ಇಡೀ ದಿನ ಆಕೆಯ ಪಕ್ಕದಲ್ಲಿ ಕುಳಿತು ಪೊಟ್ಟಣ ಕಟ್ಟುತ್ತಾಳೆ. ಆಕೆ ಹಚ್ಚಿದರೆ ಹಣೆಗೆ ವಿಭೂತಿಯನ್ನೂ ಹಚ್ಚಿಸಿಕೊಳ್ಳುತ್ತಾಳೆ.

ಕಾಶೀನಾಥ ಸರ್ ನಿನ್ನೆ ಫೋನ್ ಮಾಡಿದ್ದರು. ಹೊಸ ತಂಡ ಬಂದಿದೆಯಂತೆ, ಮೊದಲ ಸಲ ಅಂಗಡಿ ಹಾಕುವ ಹೆಣ್ಣುಮಕ್ಕಳಿಗೆ ಅರ್ಧ ತಾಸು ನಾನು ಬುದ್ಧಿಮಾತು ಹೇಳಬೇಕಂತೆ. ಹಿಗ್ಗಾಯಿತು. ಬೆಳಿಗ್ಗೆಯಿಂದ ಬಡಿಯುತ್ತಾ ಅದನ್ನೇ ಯೋಚಿಸಿದೆ. ಮನೆಯನ್ನು ಅಂಗಡಿಯೊಳಗೆ ತರಬೇಡಿ ಎನ್ನುತ್ತೇನೆ. ಗಿರಾಕಿ ಕೇಳುವ ಮೊದಲೇ ಉತ್ತರ ತಯಾರಿರಬೇಕು ಎನ್ನುತ್ತೇನೆ. ಒಬ್ಬರ ಕೈಯನ್ನೇ ನಂಬಿ ಕೂರಬೇಡಿ, ಯಾರಿಲ್ಲದಿದ್ದರೂ ಒಲೆ ಉರಿಯುವ ಹಾಗೆ ಮಾಡಿಕೊಳ್ಳಿ ಎನ್ನುತ್ತೇನೆ.

ಮಧ್ಯಾಹ್ನ ಚಿಂಚೋಳಿ ಕಡೆಯ ಇಬ್ಬರು ಹೆಂಗಸರು ಮದುವೆಯ ರೊಟ್ಟಿ ಹೇಳಲು ಬಂದರು. ಪರದೆಯ ಈಚೆ ಎಲ್ಲ ಕೇಳಿಸುತ್ತಿತ್ತು. ಒಳಗೆ ಬಡಿಯುತ್ತಿರುವವಳು ಯಾರು ಎಂದು ಒಬ್ಬಾಕೆ ಕೇಳಿದಳು. ಶಿವಕಾಂತಮ್ಮ ಪೊಟ್ಟಣ ಎಣಿಸುವುದರಲ್ಲಿದ್ದಳು. ಭಾಗ್ಯಳೇ ಉತ್ತರ ಕೊಟ್ಟಳು.

“ಕೆಲಸದಾಕಿರಿ. ಅಂಗಡಿ ನಮ್ಮಜ್ಜಿದು, ಇವರದು.”

ಶಿವಕಾಂತಮ್ಮ ಎಣಿಸುತ್ತಲೇ ಇದ್ದಳು. ಆ ಹೆಂಗಸಿಗೆ ಹುಡುಗಿ ಹಿಡಿಸಿರಬೇಕು, ಯಾವ ಕ್ಲಾಸು, ಏನು ಹೆಸರು ಎಂದೆಲ್ಲ ಕೇಳಿದಳು. ಕೊನೆಗೆ, “ಮತ್ತ ನಿಮ್ಮವ್ವ ಎಲ್ಲಿದಾಳವ್ವ?” ಎಂದಳು.

ನನ್ನ ಕೈ ನಿಂತಿತು. ಏನು ಹೇಳುತ್ತಾಳೋ ಎಂದು ನಾನೂ ಕಾಯ್ದೆ.

“ನಮ್ಮವ್ವ ಇಲ್ಲರಿ,” ಎಂದಳು ಭಾಗ್ಯ. “ತೀರಿಕೊಂಡಾಳ.”

ಹೆಂಗಸರಿಬ್ಬರೂ ಲೊಚಗುಟ್ಟಿದರು. ಒಬ್ಬಾಕೆ ಅವಳ ಗಲ್ಲ ಸವರಿ, ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟಳು. ಮತ್ತೇನೂ ಕೇಳಲಿಲ್ಲ. ಎರಡು ಸಾವಿರ ರೊಟ್ಟಿ ಹೇಳಿ ಹೋದರು.

ಅವರು ಮೆಟ್ಟಿಲಿಳಿದ ಮೇಲೆ ಭಾಗ್ಯ ಪರದೆ ಸರಿಸಿ ಒಳಗೆ ಬಂದಳು. ಹಣ್ಣನ್ನು ಸುಲಿದಿರಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

“ಮಮ್ಮಿ, ಸರಿ ಹೇಳಿದ್ನಿಲ್ಲ?”

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ತಿರುವಿ ಹಾಕಿದೆ.

“ಸರಿ ಹೇಳಿದಿ,” ಎಂದೆ.